ಛಪ್ಪರದವರು, ಛಾಪದವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಛಪ್ಪರಬಂದ್ ಎಂಬ ಮುಸ್ಲಿಂ ಸಮುದಾಯವಿದೆ. ಹೆಸರಿನ ನೇರ ಅರ್ಥ ಛಪ್ಪರ ಕಟ್ಟುವವರು. ಆದರೆ 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳು ಈ ಹೆಸರನ್ನು ನಾಣ್ಯದ ‘ಛಾಪ’ಕ್ಕೆ ಗಂಟು ಹಾಕುತ್ತವೆ. ಸೂರು ಕಟ್ಟುವವರು ಖೋಟಾ ನಾಣ್ಯದವರಾಗಲು ಇಷ್ಟು ಸಾಕಾಯಿತು!

ಆ ಟಿಪ್ಪಣಿಯನ್ನು ನಾವು ನಿಧಾನವಾಗಿ ಓದಿದೆವು. ಇವರು ಊರಲ್ಲಿದ್ದಾಗ ಹೊಲ ಮಾಡುತ್ತಾರೆ, ಕೋಳಿ-ಕುರಿ ಸಾಕುತ್ತಾರೆ, ಹೆಂಗಸರು ಕೌದಿ ಹೊಲಿಯುತ್ತಾರೆ, ಗಂಡಸರು ತಿರುಗಾಟದಲ್ಲಿ ಅವನ್ನು ಮಾರುತ್ತಾರೆ ಎಂದು ಅಲ್ಲೇ ಇದೆ. ಬೆನ್ನಿಗೇ, ಇವರ ಅಸಲಿ ಕಸುಬು ಖೋಟಾ ನಾಣ್ಯ ಎಂಬ ತೀರ್ಪು. ಫಕೀರರ ವೇಷದಲ್ಲಿ ತಿರುಗಿ ಕೆಲವರು ಆ ಅಪರಾಧ ಮಾಡಿರಬಹುದು. ಇಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಕೌದಿ ಹೊಲಿದ ಹೆಂಗಸೂ ತೊಟ್ಟಿಲ ಕೂಸೂ ಅದೇ ಪಟ್ಟಿಗೆ ಬಿದ್ದದ್ದು ಯಾವ ನ್ಯಾಯ? 1871ರಲ್ಲಿ ಬಂದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ದೇಶದಾದ್ಯಂತ ರದ್ದಾಯಿತು. ಪುಸ್ತಕದ ಸಾಲು ರದ್ದಾಗಲಿಲ್ಲ.

ಒಂದು ಜನರ ಬೇಸಾಯವನ್ನು ಕಂಡೂ ಲೆಕ್ಕಕ್ಕೆ ಹಿಡಿಯದ ಈ ಬಗೆಯ ಬರವಣಿಗೆ ನಮ್ಮ ಜಿಲ್ಲೆಗಷ್ಟೇ ಸೀಮಿತವಲ್ಲ. ನೆಗೆವ್‌ನ ಬೆದೂಯಿನರನ್ನು ಬರೀ ಒಂಟೆ, ಗುಡಾರಗಳ ಜನ ಎನ್ನುವುದು ರೂಢಿ. ಅವರು ಬೆಳೆದ ಜವೆಗೋಧಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗಾಝಾದಿಂದ ಹಡಗೇರಿ ಬ್ರಿಟನ್ನಿಗೆ ಹೋಗುತ್ತಿತ್ತು. 1943ರಲ್ಲಿ ಯಹೂದಿ ವಲಸಿಗರು ಅಲ್ಲಿ ಮೂರು ಕಾವಲು ನೆಲೆ ಹೂಡಿದರು. ಅಕ್ಕಪಕ್ಕದಲ್ಲಿ ಜಗಳವಿತ್ತು, ಕೊಡುಕೊಳ್ಳುವಿಕೆಯೂ ಇತ್ತು. 1948ರ ಯುದ್ಧದ ನಂತರ ಉಳಿದ ಕೆಲವೇ ಸಾವಿರ ಬೆದೂಯಿನರನ್ನು ‘ಸಿಯಾಜ್’ ಎಂಬ ಗಡಿಯೊಳಗೆ, 1966ರವರೆಗೆ ಮಿಲಿಟರಿ ಆಡಳಿತದಡಿ ಇಡಲಾಯಿತು. ಆಮೇಲೆ ಅವರಿಗೆಂದೇ ಸರಕಾರಿ ಪಟ್ಟಣಗಳು ಎದ್ದವು. ಉಕ್ಬಿ ಕುಟುಂಬ ತನ್ನ ಭೂಮಿ ಕೇಳಿದಾಗ 2015ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಧಾರ, ತುರ್ಕರ 1858ರ ಭೂಕಾಯ್ದೆಯ ‘ಮವಾತ್’, ಅಂದರೆ ಸತ್ತ ನೆಲ. ಅದೇ ಮೊಕದ್ದಮೆಯಲ್ಲಿ ಆ ಕುಟುಂಬದ ಪರ ಸಾಕ್ಷಿ ನುಡಿದವರು ಓರೆನ್ ಯಿಫ್ತಾಖೆಲ್ ಎಂಬ ಯಹೂದಿ ಭೂಗೋಳ ವಿದ್ವಾಂಸರು. ಇದನ್ನು ನಮ್ಮವರು ಅಷ್ಟಾಗಿ ಹೇಳುವುದಿಲ್ಲ.

ಎರಡೂ ಒಂದೇ ಎನ್ನಲಾಗದು. ಅಲ್ಲಿ ಹೋದದ್ದು ನೆಲ, ಇಲ್ಲಿ ಹೋದದ್ದು ಮಾನ. ಅಲ್ಲಿಯ ಅನ್ಯಾಯಕ್ಕೆ ಜುಮಾ ದಿನ ದುಆ ಮಾಡುವ ನಮ್ಮ ಮನೆಗಳಲ್ಲೇ, ಛಪ್ಪರಬಂದರ ಕಡೆಯಿಂದ ಸಂಬಂಧ ಬಂತೆಂದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರಾರೂ ಥರ್ಸ್ಟನ್‌ನನ್ನು ಓದಿದವರಲ್ಲ.