ಮೇಜಿನ ಮೇಲೆ ಕುರಿಮರಿ ಯಾಕಿಲ್ಲ?

ಲಿಯನಾರ್ಡೊ ಡ ವಿಂಚಿಯ 'ಕಡೆಯ ಭೋಜನ' ಚಿತ್ರವನ್ನು ನೀವು ನೋಡೇ ಇರ್ತೀರ. ಅದಕ್ಕೆ ಮಿಲಾನಿಗೆ ಹೋಗಬೇಕಾಗಿಲ್ಲ. ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಊಟದ ಮೇಜಿನ ಮೇಲ್ಗಡೆ, ಚಿನ್ನದ ಬಣ್ಣದ ಫ್ರೇಮಿನೊಳಗೆ ಅದು ಇದ್ದೇ ಇರುತ್ತೆ. ನಾನು ಅದನ್ನ ಸರಿಯಾಗಿ ನೋಡಿದ್ದು ಬೆಂಗಳೂರಿನ ಒಂದು ಫ್ಲಾಟಿನಲ್ಲಿ, ಗುಡ್ ಫ್ರೈಡೇ ಹಿಂದಿನ ರಾತ್ರಿ. ಆಫೀಸಿನ ಗೆಳೆಯ ಊಟಕ್ಕೆ ಕರೆದಿದ್ದ. ಅವರದು ಕೇರಳದ ಸಿರಿಯನ್ ಕ್ರೈಸ್ತ ಕುಟುಂಬ. ಅವನ ಅಮ್ಮ ಅಕ್ಕಿ, ಉದ್ದಿನಬೇಳೆ ರುಬ್ಬಿ, ಹಿಟ್ಟು ಹುಳಿ ಬರುವ ಮೊದಲೇ ಹಬೆಗೆ ಇಟ್ಟುಬಿಟ್ಟಿದ್ರು. ಇಡ್ಲಿ ಹಿಟ್ಟು ಉಬ್ಬಲಿ ಅಂತ ರಾತ್ರಿಯೆಲ್ಲ ಕಾಯುವ ಮನೆಯಲ್ಲಿ ಬೆಳೆದವನು ನಾನು. "ಯಾಕಾಂಟಿ, ಹುಳಿ ಬರಿಸಲ್ವಾ?" ಅಂತ ಕೇಳಿದೆ. "ಇದು ಪೆಸಹಾ ಅಪ್ಪಂ ಮೋನೇ, ಇವತ್ತು ಹುಳಿ ಸೇರಬಾರದು" ಅಂದ್ರು.

ಆಮೇಲೆ ಗೋಡೆ ಕಡೆ ನೋಡಿದೆ. ಲಿಯನಾರ್ಡೊನ ಮೇಜಿನ ಮೇಲಿರುವ ರೊಟ್ಟಿಗಳು ಮಾತ್ರ ಬನ್ನಿನ ಹಾಗೆ ದುಂಡಗೆ ಉಬ್ಬಿಕೊಂಡಿವೆ!

ಪೆಸಹಾ ಅನ್ನೋದು ಸಿರಿಯಾಕ್ ಮೂಲಕ ಬಂದ ಪದ. ಹೀಬ್ರೂವಿನಲ್ಲಿ ಅದು ಪೆಸಾಖ್, ನಮ್ಮ ಕನ್ನಡ ಬೈಬಲಿನಲ್ಲಿ ಪಾಸ್ಕ ಹಬ್ಬ. ಕಥೆ ವಿಮೋಚನಕಾಂಡದ್ದು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಾಯೇಲರು ಬಿಡುಗಡೆಯ ಹಿಂದಿನ ರಾತ್ರಿ ಮನೆಗೊಂದು ಕುರಿಮರಿ ಕೊಯ್ದು, ಅದರ ರಕ್ತವನ್ನ ಬಾಗಿಲವಾಡಕ್ಕೆ ಹಚ್ಚುತ್ತಾರೆ. ಚೊಚ್ಚಲ ಮಕ್ಕಳ ಸಾವು ಆ ಗುರುತಿರುವ ಮನೆಗಳನ್ನ ದಾಟಿ ಹೋಗುತ್ತೆ. ಒಳಗಿರುವವರು ನಡುಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಸುಟ್ಟ ಮಾಂಸ, ಕಹಿಸೊಪ್ಪು, ಹುಳಿಯಿಲ್ಲದ ರೊಟ್ಟಿಯನ್ನ ಗಡಿಬಿಡಿಯಲ್ಲಿ ತಿನ್ನುತ್ತಾರೆ. ಹಿಟ್ಟು ಉಬ್ಬುವವರೆಗೂ ಕಾಯುವಷ್ಟು ಪುರಸೊತ್ತು ಗುಲಾಮರಿಗೆ ಎಲ್ಲಿತ್ತು?

ಮುಖ್ಯವಾದ ಸಂಗತಿ ಇದಾದ ಮೇಲಿನದು. ಈ ಊಟವನ್ನ ತಲೆಮಾರಿನಿಂದ ತಲೆಮಾರಿಗೆ ಮಾಡ್ತಾ ಬರಬೇಕು ಅನ್ನೋದು ಕಟ್ಟಳೆ. ಅದು ಬರೀ ಹಳೆಯದನ್ನ ನೆನೆಸಿಕೊಳ್ಳೋದಲ್ಲ. ಊಟಕ್ಕೆ ಕೂತ ಪ್ರತಿಯೊಬ್ಬನೂ ಈಜಿಪ್ಟಿನಿಂದ ಹೊರಬಂದವನು ತಾನೇ ಅಂದುಕೊಳ್ಳಬೇಕು ಅಂತ ಯೆಹೂದಿ ಸಂಪ್ರದಾಯ ಹೇಳುತ್ತೆ. ಮನೆಯ ಚಿಕ್ಕ ಮಗು 'ಈ ರಾತ್ರಿ ಯಾಕೆ ಬೇರೆ ಥರ?' ಅಂತ ಪ್ರಶ್ನೆ ಕೇಳುತ್ತೆ. ದೊಡ್ಡವರು ಕಥೆ ಹೇಳ್ತಾರೆ.

ಯೇಸು ತನ್ನ ಶಿಷ್ಯರ ಜೊತೆ ಕೂತ ಕಡೆಯ ಊಟ ಈ ಹಬ್ಬದ್ದೇ ಅಂತ ಮತ್ತಾಯ, ಮಾರ್ಕ, ಲೂಕ ಹೇಳ್ತಾರೆ. ಯೋಹಾನನ ಲೆಕ್ಕ ಬೇರೆ: ಪಾಸ್ಕದ ಕುರಿಮರಿಗಳನ್ನ ಕೊಯ್ಯುವ ದಿನವೇ ಯೇಸು ಶಿಲುಬೆಯ ಮೇಲೆ ಸಾಯುತ್ತಾನೆ. ದಿನ ಹೊಂದಲ್ಲ, ಆದರೆ ಇಬ್ಬರ ಕಥೆಯೂ ಪಾಸ್ಕ ಇಲ್ಲದೆ ನಿಲ್ಲಲ್ಲ. ಯೇಸು ಮಾಡಿದ್ದೂ ಹೊಸ ಊಟವನ್ನಲ್ಲ. ಬಿಡುಗಡೆಯ ರೊಟ್ಟಿಯನ್ನ ಮುರಿದು ಇದು ನನ್ನ ದೇಹ ಅಂದ, ದ್ರಾಕ್ಷಾರಸ ತೋರಿಸಿ ಇದು ನನ್ನ ರಕ್ತ ಅಂದ, ಇನ್ನು ಮುಂದೆ ಇದನ್ನ ನನ್ನ ನೆನಪಿಗೂ ಮಾಡಿ ಅಂದ. ಇವತ್ತು ಚರ್ಚಿನಲ್ಲಿ ಸಾಲಾಗಿ ನಿಂತು ಪರಮಪ್ರಸಾದ ತಗೊಳ್ಳೋರು ಅದೇ ಮೇಜಿನ ತುದಿಯಲ್ಲಿ ಜಾಗ ತಗೊಳ್ತಿದ್ದಾರೆ ಅಂತ ಅರ್ಥ. ಹಾಗಂತ ಯೇಸು ಈಗಿನ ಯೆಹೂದ್ಯರ 'ಸೇಡರ್' ಊಟವನ್ನೇ ಮಾಡಿದ ಅನ್ನೋದು ಸರಿಯಲ್ಲ. ಅದರ ಈಗಿನ ಕ್ರಮ ಬಹುಮಟ್ಟಿಗೆ ರೂಪುಗೊಂಡಿದ್ದು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ.

ಈಗ ಲಿಯನಾರ್ಡೊಗೆ ಬರೋಣ. 1495ರಿಂದ 1498ರ ಸುಮಾರಿಗೆ ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆಯ ಊಟದ ಮನೆಯ ಗೋಡೆ ಮೇಲೆ ಅವನು ಇದನ್ನ ಬರೆದ. ಅವನಿಗೆ ಬೇಕಾಗಿದ್ದು ಒಂದೇ ಕ್ಷಣ: ನಿಮ್ಮಲ್ಲೊಬ್ಬ ನನಗೆ ದ್ರೋಹ ಮಾಡ್ತಾನೆ ಅಂತ ಯೇಸು ಹೇಳಿದ ಕೂಡಲೇ ಹನ್ನೆರಡು ಮುಖಗಳಲ್ಲಿ ಏನಾಯ್ತು ಅನ್ನೋದು. ಅದನ್ನ ಅವನಷ್ಟು ಚೆನ್ನಾಗಿ ಯಾರೂ ಹಿಡಿದಿಲ್ಲ. ಯೇಸುವಿನ ಕೈಗಳು ರೊಟ್ಟಿ ಮತ್ತು ರಸದ ಕಡೆ ಚಾಚಿವೆ ನಿಜ. ಆದರೆ ಕುರಿಮರಿ ಇಲ್ಲ, ಕಹಿಸೊಪ್ಪಿಲ್ಲ. 1999ರಲ್ಲಿ ಮುಗಿದ ದುರಸ್ತಿಯ ನಂತರ ತಟ್ಟೆಗಳಲ್ಲಿ ಕಾಣಿಸಿದ್ದು ಮೀನು, ಕಿತ್ತಳೆ ಹೋಳು. ಎಲ್ಲರೂ ಮೇಜಿನ ಒಂದೇ ಬದಿಗೆ, ಆಫೀಸಿನ ಗ್ರೂಪ್ ಫೋಟೋಗೆ ಕೂತ ಹಾಗೆ. ಇದು 'ಯಾರು ಆ ದ್ರೋಹಿ?' ಅನ್ನೋ ನಾಟಕ. ಗುಲಾಮರ ಬಿಡುಗಡೆಯ ನೆನಪು ಇಲ್ಲಿ ಊಟಕ್ಕೇ ಬಂದಿಲ್ಲ.

ಅದಕ್ಕೂ ಮೂವತ್ತು ವರ್ಷ ಮೊದಲು, 1464ರಿಂದ 1468ರ ನಡುವೆ, ಈಗಿನ ಬೆಲ್ಜಿಯಂನ ಲೂವೆನ್ ಊರಿನ ಸೇಂಟ್ ಪೀಟರ್ ಚರ್ಚಿಗೆ ಡೀರಿಕ್ ಬೌಟ್ಸ್ ಇದೇ ವಿಷಯದ ಮೇಲೆ ಚಿತ್ರ ಬರೆದಿದ್ದ. ಪರಮಪ್ರಸಾದದ ಭಕ್ತಿಗಾಗಿಯೇ ಇದ್ದ ಒಂದು ಸಂಘ ಅದನ್ನ ಬರೆಸಿತ್ತು. ಇಬ್ಬರು ದೇವಶಾಸ್ತ್ರದ ಪ್ರಾಧ್ಯಾಪಕರು ಸಲಹೆಗಿದ್ರು. ಇವನ ಯೇಸು ದ್ರೋಹದ ಮಾತಾಡ್ತಿಲ್ಲ, ಶಾಂತವಾಗಿ ರೊಟ್ಟಿಯನ್ನ ಆಶೀರ್ವದಿಸುತ್ತಿದ್ದಾನೆ. ಎರಡೂ ಪಕ್ಕದಲ್ಲಿ ಎರಡೆರಡು ಚಿಕ್ಕ ಫಲಕಗಳು. ಅವುಗಳಲ್ಲಿ ಒಂದು ಪಾಸ್ಕ ಹಬ್ಬದ್ದು: ಮೇಜಿನ ಮೇಲೆ ಸುಟ್ಟ ಕುರಿಮರಿ, ಸುತ್ತ ಕೋಲು ಹಿಡಿದು ನಿಂತೇ ಉಣ್ಣುವ ಜನ. ಚಮತ್ಕಾರದಲ್ಲಿ ಲಿಯನಾರ್ಡೊ ದೊಡ್ಡವನು, ಒಪ್ಪೋಣ. ಆದರೆ ಕಮ್ಯುನಿಯನ್ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸೋದು ಬೌಟ್ಸ್‌ನ ಚಿತ್ರವನ್ನೇ.

ಇಲ್ಲೊಂದು ವಿಪರ್ಯಾಸ ಇದೆ. ಬೌಟ್ಸ್‌ನ ಪಕ್ಕದ ಫಲಕಗಳು ಮುಂದೆ ಬೇರೆಯಾಗಿ, ಎರಡು ಬರ್ಲಿನ್ನಿಗೆ, ಎರಡು ಮ್ಯೂನಿಕ್ಕಿಗೆ ಸೇರಿದ್ವು. ಬಹಳ ಕಾಲ ಲೂವೆನ್ನಿನ ಕಡೆಯ ಭೋಜನ ತನ್ನ ಪಾಸ್ಕ ಇಲ್ಲದೆ ಒಂಟಿಯಾಗಿತ್ತು. ಮೊದಲ ಮಹಾಯುದ್ಧದ ನಂತರ, 1919ರ ವರ್ಸೇಲ್ಸ್ ಒಪ್ಪಂದದಲ್ಲೇ ಒಂದು ವಿಧಿ ಬರೆದು ಜರ್ಮನಿಯಿಂದ ಅವನ್ನ ವಾಪಸ್ ತರಿಸಬೇಕಾಯ್ತು.

ಚಿತ್ರದ ವಿಷಯ ಇರಲಿ, ಮನಸ್ಸುಗಳಲ್ಲಿ ಆದ ಬೇರ್ಪಡೆ ಇನ್ನೂ ಹಳೆಯದು. ಬೌಟ್ಸ್‌ನ ಬಗ್ಗೆಯೂ ನನ್ನದೊಂದು ತಕರಾರಿದೆ. ಅವನ ಪಾಸ್ಕ ಮುಂದಾಗುವುದರ ಮುನ್ಸೂಚನೆ ಮಾತ್ರ, ಹೊಸದು ಬಂತು, ಹಳೆಯದರ ಕೆಲಸ ಮುಗೀತು ಅನ್ನೋ ಹಾಗೆ ಅಂಚಿಗೆ ಸರಿದಿದೆ. ಅವನಿಗೆ ಬೇಕಾಗಿದ್ದದ್ದು ವಿಮೋಚನಕಾಂಡದ ಯೆಹೂದ್ಯರು. ತನ್ನ ಕಾಲದಲ್ಲಿ ಪ್ರತಿ ವಸಂತದಲ್ಲೂ ಇದೇ ಊಟಕ್ಕೆ ಕೂರುತ್ತಿದ್ದ ಯೆಹೂದ್ಯರಲ್ಲ.

ಆ ಯೆಹೂದ್ಯರು ಎಲ್ಲಿದ್ದಾರೆ ಅಂತ ನೋಡಬೇಕಾದ್ರೆ ಇಟಲಿಯ ಉರ್ಬಿನೊಗೆ ಹೋಗಬೇಕು. ಬೌಟ್ಸ್ ಲೂವೆನ್ನಿನಲ್ಲಿ ಕೆಲಸ ಮುಗಿಸುತ್ತಿದ್ದ ಹೊತ್ತಿಗೇ, ಅಲ್ಲಿನ ಅಂಥದ್ದೇ ಒಂದು ಪರಮಪ್ರಸಾದ ಸಂಘಕ್ಕೆ ಪಾವೊಲೊ ಉಚ್ಚೆಲ್ಲೊ ಆರು ದೃಶ್ಯಗಳ ಒಂದು ಉದ್ದನೆಯ ಪಟ್ಟಿ ಬರೆದ. ಕಥೆ ಇಷ್ಟು: ಒಬ್ಬ ಹೆಂಗಸು ಪ್ರಸಾದದ ರೊಟ್ಟಿಯನ್ನ ಯೆಹೂದಿ ವ್ಯಾಪಾರಿಗೆ ಮಾರುತ್ತಾಳೆ. ಅವನು ಅದನ್ನ ಬೆಂಕಿಗೆ ಹಿಡಿಯುತ್ತಾನೆ. ರೊಟ್ಟಿಯಿಂದ ರಕ್ತ ಸುರಿದು ಮನೆಯ ಹೊರಗೆ ಹರಿಯುತ್ತೆ. ಸೈನಿಕರು ಬಾಗಿಲು ಒಡೀತಾರೆ. ಕೊನೆಗೆ ಅವನನ್ನ, ಅವನ ಹೆಂಡತಿಯನ್ನ, ಮಕ್ಕಳನ್ನ ಕಂಬಕ್ಕೆ ಕಟ್ಟಿ ಸುಡ್ತಾರೆ. ಬಣ್ಣ ಸುಂದರ, ನೆಲದ ಚೌಕಗಳ ಲೆಕ್ಕ ಅಚ್ಚುಕಟ್ಟು. ಅದಕ್ಕೇ ಇನ್ನಷ್ಟು ಭಯ ಆಗುತ್ತೆ.

ಆ ಬಾಗಿಲನ್ನ ಮತ್ತೊಮ್ಮೆ ನೋಡಿ. ಈಜಿಪ್ಟಿನಲ್ಲಿ ಬಾಗಿಲ ಮೇಲಿನ ರಕ್ತ ಒಳಗಿದ್ದ ಯೆಹೂದಿ ಮಕ್ಕಳನ್ನ ಉಳಿಸಿತ್ತು. ಉರ್ಬಿನೊದಲ್ಲಿ ಬಾಗಿಲ ಹತ್ತಿರದ ರಕ್ತವೇ ಆ ಮಕ್ಕಳನ್ನ ಹಿಡಿದುಕೊಡುತ್ತೆ. ಪಾಸ್ಕದ ಕಥೆಯನ್ನ ಇದಕ್ಕಿಂತ ಪೂರ್ತಿಯಾಗಿ ತಲೆಕೆಳಗು ಮಾಡೋಕೆ ಸಾಧ್ಯ ಇಲ್ಲ. ಉಚ್ಚೆಲ್ಲೊ ಬರೆದದ್ದು ಒಂದು ಕಟ್ಟುಕಥೆ, ಆದರೆ ಇಂಥ ಆರೋಪಗಳಿಂದ ಸತ್ತವರು ನಿಜವಾದ ಜನ. 1370ರಲ್ಲಿ, ಲೂವೆನ್ನಿಗೆ ಹತ್ತಿರದ ಬ್ರಸೆಲ್ಸ್‌ನಲ್ಲಿ, ಪ್ರಸಾದವನ್ನ ಅಪವಿತ್ರ ಮಾಡಿದರು ಅಂತ ಯೆಹೂದ್ಯರನ್ನ ಸುಟ್ಟಿದ್ರು. ಯೇಸುವಿನ ಸಾವಿಗೆ ಆ ಕಾಲದ ಎಲ್ಲ ಯೆಹೂದ್ಯರನ್ನಾಗಲಿ, ಇಂದಿನವರನ್ನಾಗಲಿ ಹೊಣೆ ಮಾಡುವ ಹಾಗಿಲ್ಲ ಅಂತ ಕ್ಯಾಥೊಲಿಕ್ ಚರ್ಚ್ ಅಧಿಕೃತವಾಗಿ ಸಾರಿದ್ದು 1965ರಲ್ಲಿ.

ಆ ಫ್ಲಾಟಿಗೆ ವಾಪಸ್ ಬರ್ತೀನಿ. ಗರಿಗಳ ಭಾನುವಾರ ಚರ್ಚಿನಿಂದ ತಂದ ಎಲೆಯ ಶಿಲುಬೆಯನ್ನ ಒಂದು ಅಪ್ಪದ ಮೇಲಿಟ್ಟಿದ್ರು. ಪ್ರಾರ್ಥನೆ ಮುಗಿದ ಮೇಲೆ ಗೆಳೆಯನ ಅಪ್ಪ ಅದನ್ನ ಮುರಿದು, ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ಅದ್ದಿ, ಮನೆಯವರಿಗೆ ಹಿರಿಯರಿಂದ ಕಿರಿಯರವರೆಗೆ ಕೊಟ್ರು. ಎಲ್ಲರೂ ಎರಡೂ ಕೈ ಚಾಚಿ ಇಸ್ಕೊಂಡ್ರು. ನನಗೆ ಬಂದದ್ದು ಬೇರೆ ತಟ್ಟೆ, ಶಿಲುಬೆ ಇಡದ ಬೇರೆ ಅಪ್ಪ. "ತಪ್ಪು ತಿಳ್ಕೋಬೇಡ, ಅದು ಮನೆಯವರಿಗೆ ಮಾತ್ರ" ಅಂತ ಆಂಟಿ ಸಂಕೋಚಪಟ್ರು. ಸಾವಾದ ಮನೆಯಲ್ಲಿ ಆ ವರ್ಷ ಅಪ್ಪ ಮಾಡಲ್ಲ, ನೆಂಟರೋ ಅಕ್ಕಪಕ್ಕದವರೋ ತಂದುಕೊಡ್ತಾರೆ ಅಂತಲೂ ಹೇಳಿದ್ರು.

ನನಗೆ ಬೇಜಾರಾಗಲಿಲ್ಲ. ವಿಮೋಚನಕಾಂಡದ ಊಟಕ್ಕೂ ಹೊರಗಿನವರು ಕೂರುವ ಹಾಗಿರಲಿಲ್ಲ, ಪರಮಪ್ರಸಾದಕ್ಕೂ ಹಾಗೇ. ಮೇಜಿಗೊಂದು ಮಿತಿ ಇರೋದು ತಪ್ಪಲ್ಲ. ಯಾರ ಮನೆಯಿಂದ ಕಥೆಯನ್ನ, ರೊಟ್ಟಿಯನ್ನ ಇಸ್ಕೊಂಡ್ವೋ ಅವರ ಬಾಗಿಲನ್ನೇ ಒಡೆಯೋದು ತಪ್ಪು. ಆಂಟಿಗೆ ಉಚ್ಚೆಲ್ಲೊ ಗೊತ್ತಿಲ್ಲ, ಬೌಟ್ಸೂ ಗೊತ್ತಿಲ್ಲ. ಆದರೆ ಲಿಯನಾರ್ಡೊ ಬಿಟ್ಟುಬಿಟ್ಟದ್ದನ್ನ ಅವರ ಅಡುಗೆಮನೆ ಬಿಟ್ಟಿರಲಿಲ್ಲ. ಆ ಹಬ್ಬದ ಹೆಸರನ್ನ ಯೆಹೂದ್ಯರ ಪದದಲ್ಲೇ ಉಳಿಸಿಕೊಂಡಿದ್ದಾರೆ, ಹಿಟ್ಟನ್ನೂ ಉಬ್ಬೋಕೆ ಬಿಟ್ಟಿಲ್ಲ. ಯಾಕೆ ಅಂತ ಕೇಳೋಕೆ ಆ ರಾತ್ರಿ ಮನೆಯಲ್ಲಿ ಚಿಕ್ಕ ಮಕ್ಕಳಿರಲಿಲ್ಲ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.