ಎರೆ ಸೀಮೆಯ ಚರ್ಮಕ್ಕೆ ಕುಸುಬಿ ಎಣ್ಣೆ

ಮೇ ಎರಡನೇ ವಾರದ ನಡುಮಧ್ಯಾಹ್ನ ಆಳಂದದಲ್ಲೋ ಜೇವರ್ಗಿಯಲ್ಲೋ ಬಯಲಿಗೆ ಬಂದು ನಿಂತರೆ ನಿಮ್ಮ ನೆರಳು ನಿಮ್ಮ ಕಾಲಡಿಗೇ ಸೇರಿಕೊಂಡಿರುತ್ತದೆ. ಸೂರ್ಯ ಆಗ ನೆಟ್ಟಗೆ ನೆತ್ತಿಯ ಮೇಲೆ. ಆಗಸ್ಟ್ ಮೊದಲ ವಾರ ಇನ್ನೊಮ್ಮೆ ಅಲ್ಲಿಗೇ ಬರುತ್ತಾನೆ, ಆದರೆ ಅಷ್ಟರಲ್ಲಿ ಮೋಡ ಅಡ್ಡ ಬಂದಿರುತ್ತದೆ. ಈ ಬಿಸಿಲಿಗೆ ಸರ್ಕಾರವೂ ಮಣಿದಿದೆ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮಣಿಯದಿರುವುದು ನಮ್ಮ ಕನ್ನಡಿ ಮುಂದಿನ ಸಾಮಾನು ಮಾತ್ರ. ಅಫಜಲಪುರದ ಹುಡುಗಿ ಮೊಬೈಲಿನಲ್ಲಿ ಕೊರಿಯಾದ ಹತ್ತು ಹಂತಗಳ ಆರೈಕೆ ನೋಡಿ ಟೋನರ್, ಎಸೆನ್ಸ್, ಸೀರಮ್ ತರಿಸುತ್ತಾಳೆ. ಬೋರ್‌ವೆಲ್‌ನ ಸವಳು ನೀರಿನಲ್ಲಿ ದಿನಕ್ಕೆ ನಾಲ್ಕು ಸಲ ಮುಖ ತೊಳೆದು, ಯಾವುದೂ ಹಿಡಿಸಲಿಲ್ಲ ಎಂದು ದೂರುತ್ತಾಳೆ.

ಹತ್ತು ಹಂತ ಬೇಡ. ಬಿಸಿಲಿಗೆ ಅಡ್ಡಿ, ಸಾಬೂನಿಗೆ ಕಡಿವಾಣ, ರಾತ್ರಿಗೊಂದು ಜಿಡ್ಡು. ಇಲ್ಲಿಯ ಒಣ ಹವೆಗೆ ಇಷ್ಟನ್ನು ದಿನವೂ ಬಿಡದೆ ಮಾಡಿದರೆ ಸಾಕು ಎಂಬುದು ನನ್ನ ಪಕ್ಷ.

ಈ ಸೀಮೆಯ ಅತ್ಯುತ್ತಮ ಸನ್‌ಸ್ಕ್ರೀನ್ ಯಾವುದೆಂದು ಕೇಳಿದರೆ, ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ತುಂಬುತೋಳಿನ ಅಂಗಿ ಎನ್ನುತ್ತೇನೆ. ಬೆವರಿಗೆ ಅಳಿಸಿಹೋಗುವುದಿಲ್ಲ, ಮತ್ತೆ ಮತ್ತೆ ಹಚ್ಚಬೇಕಿಲ್ಲ. ನೇಯ್ಗೆ ದಟ್ಟವಾಗಿ ಬಣ್ಣ ಗಾಢವಾಗಿದ್ದಷ್ಟೂ ಒಳ್ಳೆಯದು. ತೆಳು ಬಿಳಿ ಹತ್ತಿ, ಅದರಲ್ಲೂ ಒದ್ದೆಯಾದದ್ದು, ಕಿರಣಗಳನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮುಖಕ್ಕೆ ಮಾತ್ರ ಕ್ರೀಮು ಬೇಕು. ಎಸ್‌ಪಿಎಫ್ 30 ಎಂದಿದ್ದರೆ ಚರ್ಮ ಸುಡುವ ಕಿರಣಗಳಲ್ಲಿ ಶೇ 97ರಷ್ಟನ್ನು ತಡೆಯುತ್ತದೆ, 50 ಎಂದಿದ್ದರೆ ಶೇ 98ರಷ್ಟನ್ನು. ಆ ಒಂದಂಶಕ್ಕೆ ದುಪ್ಪಟ್ಟು ಹಣ ಕೊಡುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಜಾಣತನ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕುತ್ತಿಗೆಗೂ ಸರಿಹೋಗುತ್ತದೆ. ಕಡಲೆಕಾಳಿನಷ್ಟು ಸವರಿದರೆ ಪೊಟ್ಟಣದ ಮೇಲಿನ ಅಂಕಿ ಬರೀ ಅಲಂಕಾರ. ಕೆನ್ನೆಯಲ್ಲಿ ಬಂಗು ಇದ್ದವರಿಗೆ ಮೈಬಣ್ಣದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಮೇಲು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಶಾಖವೂ ಅಷ್ಟೇ. ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಅವ್ವನಿಗೆ ಬಂಗು ಏಕೆ ಬಿಡುವುದಿಲ್ಲ ಎಂಬುದಕ್ಕೆ ಉತ್ತರದ ಒಂದು ಪಾಲು ಅಲ್ಲಿದೆ.

ಸಾಬೂನಿನ ವಿಚಾರ ಬೇಗ ಮುಗಿಸುತ್ತೇನೆ. ಚರ್ಮ ತುಸು ಆಮ್ಲದ ಕಡೆ, ಪಿಎಚ್ ಐದರ ಆಸುಪಾಸು. ಸಾಬೂನು ಒಂಬತ್ತು, ಹತ್ತು. ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಶೇ 76 ಇರುವ ಮೊದಲ ದರ್ಜೆಯದಾದರೂ ಕ್ಷಾರ ಕ್ಷಾರವೇ. ಸವಳು ನೀರಿನ ಸುಣ್ಣದಂಶ ಸಾಬೂನಿನೊಂದಿಗೆ ಕೂಡಿ ತೊಳೆದರೂ ಹೋಗದ ಗಸಿಯಾಗಿ ಮೈಮೇಲೆ ಕೂರುತ್ತದೆ. ಬೆಳಿಗ್ಗೆ ಬರೀ ನೀರು, ರಾತ್ರಿ ಒಂದು ಸಲ ಮೆತ್ತನೆಯ ಫೇಸ್‌ವಾಶ್. ಕಡಲೆ ಹಿಟ್ಟು ಹಬ್ಬಕ್ಕಿರಲಿ, ದಿನವೂ ತಿಕ್ಕುವುದು ಬೇಡ.

ಇನ್ನು ಮೆಡಿಕಲ್ ಅಂಗಡಿಯ ಸಣ್ಣ ಟ್ಯೂಬು. ಇದರ ಬಗ್ಗೆ ನನಗೆ ಸಿಟ್ಟಿದೆ. ಜೋಳದ ರಾಶಿ ಮಾಡುವಾಗ ಸುಂಕು ಹತ್ತಿ ಮೈ ತುರಿಸಲಿ, ತೊಡೆಸಂದಿಗೆ ಹುಳಕಡ್ಡಿಯಾಗಲಿ, ಮದುವೆಗೆ ಮುಂಚೆ ಮುಖ ಬೆಳ್ಳಗಾಗಬೇಕಿರಲಿ, ಕೈಗೆ ಬರುವುದು ಅದೇ. ಸಣ್ಣ ಅಕ್ಷರ ಓದಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹುಳಕಡ್ಡಿ ಮಾತ್ರ ಒಳಗೊಳಗೇ ಹಬ್ಬುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಮೂಡಿ, ಕೂದಲೂ ಬರುತ್ತದೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಹಚ್ಚುವ ರೂಢಿಯಾಗಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಬಿಡುವ ಕ್ರಮವನ್ನೂ ಅವರೇ ಹೇಳಲಿ.

ರಾತ್ರಿಯ ಜಿಡ್ಡಿಗೆ ಬಂದರೆ, ನನ್ನ ಮೆಚ್ಚಿನದು ನಮ್ಮ ಎರೆ ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಹಿಂಗಾರಿ ಜೋಳದ ಸುತ್ತ ದನ ನುಗ್ಗದಂತೆ ಕುಸುಬಿ ಹಾಕುತ್ತಿದ್ದರು. ಬಲಿತ ಗಿಡವೆಲ್ಲ ಮುಳ್ಳು. ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯಬೇಕು. ಹೀಗೆ ಚರ್ಮ ಗೀರುವ ಗಿಡದ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಚರ್ಮ ತನ್ನ ಮೇಲ್ಪದರದ ತಡೆಗೋಡೆ ಕಟ್ಟಲು ಬಳಸುವುದು ಇದನ್ನೇ. ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಸಣ್ಣ ಪ್ರಯೋಗದಲ್ಲಿ, 19 ಜನರ ಮುಂಗೈಗೆ ದಿನಕ್ಕೆರಡು ಸಲ ಆರಾರು ಹನಿ ಹಚ್ಚಿಸಿ ನೋಡಿದರು. ಆಲಿವ್ ಎಣ್ಣೆ ಆ ತಡೆಗೋಡೆಯನ್ನು ಸಡಿಲಿಸಿತ್ತು. ಲಿನೋಲಿಕ್ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಕೆಡಿಸಲಿಲ್ಲ, ತೇವವನ್ನೂ ಹೆಚ್ಚಿಸಿತು. ಅಲ್ಲಿ ಕುಸುಬಿಯನ್ನು ಪರೀಕ್ಷಿಸಲಿಲ್ಲ, ಆದರೆ ಆಮ್ಲಗಳ ಲೆಕ್ಕದಲ್ಲಿ ಅದು ಸೂರ್ಯಕಾಂತಿಯ ಬಳಗ. ಇಷ್ಟಿದ್ದೂ ನಮ್ಮ ಮನೆಗಳಲ್ಲಿ ಕೂಸಿಗೆ ಆಲಿವ್ ಎಣ್ಣೆಯ ಬಾಟಲಿ, ಕುಸುಬಿ ಬರೀ ಒಗ್ಗರಣೆಗೆ!

ಎಣ್ಣೆಗೆ ತನ್ನದೇ ನೀರಿಲ್ಲ. ಹಾಗಾಗಿ ಸ್ನಾನ ಮಾಡಿ ಮೈ ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಮುಖಕ್ಕೆ ನಾಲ್ಕೈದು ಹನಿ ಸಾಕು. ಚಳಿಗಾಲಕ್ಕೆ ಇದರಷ್ಟು ಹಿತವಾದದ್ದು ನನಗೆ ಸಿಕ್ಕಿಲ್ಲ. ಒಡೆದ ಹಿಮ್ಮಡಿಗೆ ಮಾತ್ರ ಇದು ಸಾಲದು, ಯೂರಿಯಾ ಇರುವ ಕ್ರೀಮು ಹಚ್ಚಿ ಕಾಲುಚೀಲ ಹಾಕಿ ಮಲಗಿ. ಮೇ ತಿಂಗಳಲ್ಲಿ ಬೆವರುಸಾಲೆ ಎದ್ದ ಮೈಗೆ ಯಾವ ಎಣ್ಣೆಯೂ ಬೇಡ.

ಕೊಳ್ಳುವಾಗ ಎರಡು ಮಾತು ನೆನಪಿರಲಿ. ಹೈದರಾಬಾದಿನ ಎಣ್ಣೆಬೀಜ ಸಂಶೋಧನಾ ಸಂಸ್ಥೆ ಓಲಿಕ್ ಹೆಚ್ಚಿರುವ ಹೊಸ ಕುಸುಬಿ ತಳಿಗಳನ್ನೂ ಬಿಡುಗಡೆ ಮಾಡಿದೆ. ಅಡುಗೆಗೆ ಅವು ಚೆನ್ನ, ಮೈಗೆ ಹಳೆಯ ತಳಿಯ ಎಣ್ಣೆಯನ್ನೇ ಕೇಳಿ. ಲಿನೋಲಿಕ್ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಕೆಡುತ್ತದೆ, ಆದ್ದರಿಂದ ಗಾಣದಿಂದ ತಿಂಗಳಿಗಾಗುವಷ್ಟೇ ತಂದು, ಗಾಢ ಬಣ್ಣದ ಗಾಜಿನ ಶೀಶೆಯಲ್ಲಿ ಒಲೆಯಿಂದ ದೂರ ಇಡಿ. ಕಮಟು ವಾಸನೆ ಬಂದದ್ದನ್ನು ದೀಪಕ್ಕೆ ಹಾಕಿ, ಮುಖಕ್ಕೆ ಬೇಡ.