ಶರಣು ಬಂದವರ ಪೂರ್ವಾಶ್ರಯ

ಪರರನ್ನು ಬರಮಾಡಿಕೊಳ್ಳುವ ಧರ್ಮದ ಔದಾರ್ಯವು ಪರೀಕ್ಷೆಗೊಳಗಾಗುವುದು ದೀಕ್ಷೆಯ ದಿನದಂದಲ್ಲ, ಅನಂತರದ ಬಾಳಿನಲ್ಲಿ. ಹರಿಹರನ ‘ಆದಯ್ಯನ ರಗಳೆ’ಯನ್ನು ಪ್ರಾಚೀನ ಯೆಹೂದ್ಯರ ರೂತಳ ಕಥೆಯೊಡನೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆಂದು ಬಂದ ಆದಯ್ಯನು ಜೈನಕನ್ಯೆ ಪದ್ಮಾವತಿಗೆ ಒಲಿಯುತ್ತಾನೆ. ಅವಳು ಶಿವಭಕ್ತೆಯಾದ ಮೇಲೆಯೇ ಕೈಹಿಡಿಯುತ್ತಾನೆ. ರೂತಳ ಬಗೆ ಬೇರೆ. ವಿಧವೆಯಾದ ಈ ಮೋವಾಬ್ ನಾಡಿನ ಸೊಸೆಯನ್ನು ಯಾರೂ ಕರೆಯಲಿಲ್ಲ. ಹಿಂದಿರುಗೆಂದು ಅತ್ತೆ ನವೊಮಿಯೇ ಮತ್ತೆ ಮತ್ತೆ ಹೇಳಿದಳು. ಅತ್ತೆಯ ಜನವನ್ನೂ ದೇವರನ್ನೂ ತನ್ನದಾಗಿಸಿಕೊಂಡು ಬಂದ ಅವಳು ದಾವೀದ ಅರಸನ ಮುತ್ತಜ್ಜಿಯಾದಳು. ಎಜ್ರನ ಕಾಲದಲ್ಲಿ ಅನ್ಯಜನಾಂಗದ ಹೆಂಡಿರನ್ನು ಹೊರಗೆ ಕಳುಹಿಸಿದ ಸಮಾಜವೇ ಈ ಕಥೆಯನ್ನೂ ಪವಿತ್ರಗ್ರಂಥದಲ್ಲಿ ಉಳಿಸಿಕೊಂಡಿತೆಂಬುದು ಗಮನಾರ್ಹ.

ಆದರೂ ಕಥೆಗಾರನು ಬೆತ್ಲೆಹೇಮಿಗೆ ಬಂದ ಮೇಲೂ ಅವಳನ್ನು ಮೋವಾಬಿನವಳೆಂದೇ ಹಲವೆಡೆ ಹೆಸರಿಸುತ್ತಾನೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ‘ಮಿಷ್ನಾ’ವಾದರೋ, ಮತಕ್ಕೆ ಸೇರಿದವರ ಮಕ್ಕಳಿಗೆ ಪೂರ್ವಜರ ನಡತೆಯನ್ನು ನೆನಪಿಸಕೂಡದೆಂದು ವಿಧಿಸಿತು. ಭಕ್ತನ ಪೂರ್ವಾಶ್ರಯವನ್ನು ಅರಸಬಾರದೆಂಬ ಶರಣರ ನಿಲುವೂ ಇದಕ್ಕೆ ಸಮೀಪವಾದುದು.

ಹರಿಹರನ ಕೊರತೆ ಇಲ್ಲಿಯೇ ಕಾಣುತ್ತದೆ. ಒಲವನ್ನು ಮನದುಂಬಿ ಹಾಡಿದ ಕವಿ, ಮಾವನ ಮನೆಯೊಡನೆ ವಿವಾದ ಮೊದಲಾಗುತ್ತಲೇ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸುವ ವೀರದತ್ತ ಹೊರಳುತ್ತಾನೆ. ತವರು ಮತ್ತು ಪತಿಯ ನಡುವೆ ನಿಂತ ಪದ್ಮಾವತಿಯ ಅಂತರಂಗ ಹಿಂದೆ ಸರಿಯುತ್ತದೆ. ಛಲದಿಂದ ಗುಡಿ ದೊರೆತೀತು. ಬಂದವರು ನಮ್ಮವರಾಗುವುದು ಪೂರ್ವಾಶ್ರಯವನ್ನು ಕೇಳದ ಮನಸ್ಸಿನಿಂದ ಮಾತ್ರ.